ಹನ್ನೊಂದು ಮನೆಗಳ ಪಟ್ಟಿ: ಮಕ್ಕಂದೂರು ಕಡೆಯ ಒಬ್ಬ ಅಜ್ಜಿಯ ಪ್ರಕರಣ

ನಾನು ಮಡಿಕೇರಿ ಸುತ್ತಮುತ್ತ ಮನೆಗಳಿಗೇ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್. ಇಲ್ಲಿ ಬರೆಯುತ್ತಿರುವುದು ಮಕ್ಕಂದೂರು ಕಡೆಯ ಒಬ್ಬ ಅಜ್ಜಿಯ ವಿಷಯ. ಅಜ್ಜಿ, ಅವರ ಮಗ, ಸೊಸೆ ಮೂವರ ಒಪ್ಪಿಗೆ ಪಡೆದಿದ್ದೇನೆ. ಹೆಸರುಗಳನ್ನೂ ಮನೆಯ ಗುರುತನ್ನೂ ಬಿಟ್ಟಿದ್ದೇನೆ. ಒಂದು ವರ್ಷದ ದಾಖಲೆ ನನ್ನ ಹತ್ತಿರ ಇದೆ. ಅದರಲ್ಲಿ ಸರಿಹೋದದ್ದೂ ಇದೆ, ತಪ್ಪಿದ್ದೂ ಇದೆ. ಎರಡನ್ನೂ ಹೇಳುತ್ತೇನೆ.

2023ರ ಜುಲೈ ಎರಡನೇ ವಾರ ಮೊದಲ ಸಲ ಹೋದೆ. ಜೋರು ಮಳೆ. ಕಾಫಿ ತೋಟದ ನಡುವಿನ ದಾರಿಯಲ್ಲಿ ಜೀಪು ಹೋಗುವಷ್ಟು ದೂರ ಹೋಗಿ, ಆಮೇಲೆ ಇಳಿದು ನಡೆದೆ. ಅಜ್ಜಿ ಅಡುಗೆಮನೆಯಲ್ಲಿ ಒಲೆಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತಲೆಗೆ ಮಫ್ಲರ್, ಮೈಮೇಲೆ ಎರಡು ಸ್ವೆಟರ್. ನನ್ನನ್ನು ನೋಡಿ ನಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. "ಕಾಫಿ ಕೊಡು" ಅಂತ ಸೊಸೆಗೆ ಹೇಳಿ ಮತ್ತೆ ಒಲೆಯ ಕಡೆ ತಿರುಗಿದರು.

ವಯಸ್ಸು 74. ಗಂಡ ತೀರಿಕೊಂಡು ಎರಡು ವರ್ಷ ಆಗಿತ್ತು. ಮನೆಯಲ್ಲಿ ಮಗ, ಸೊಸೆ, ಏಳನೇ ಕ್ಲಾಸು ಓದುವ ಮೊಮ್ಮಗಳು. ಮೂರು ಎಕರೆ ಕಾಫಿ, ಅದರೊಳಗೆ ಮೆಣಸಿನ ಬಳ್ಳಿ, ಕೆಳಗೆ ಸ್ವಲ್ಪ ಗದ್ದೆ. ಅಜ್ಜಿ ಮದುವೆಯಾಗಿ ಬಂದಾಗಿನಿಂದ ಆ ತೋಟದಲ್ಲೇ ದುಡಿದವರು. ಕಾಫಿ ಕೊಯ್ದಿದ್ದಾರೆ, ಚಿಗುರು ತೆಗೆದಿದ್ದಾರೆ, ನಾಟಿ ಮಾಡಿದ್ದಾರೆ, ಹಸು ಸಾಕಿದ್ದಾರೆ. 72ರವರೆಗೂ ಬಿಂದಿಗೆಯಲ್ಲಿ ನೀರು ಹೊತ್ತವರು ಅಂತ ಮಗ ಹೆಮ್ಮೆಯಿಂದ ಹೇಳಿದರು.

ಹಾಗಾದರೆ ಕುರ್ಚಿಗೆ ಬಂದದ್ದು ಹೇಗೆ?

ಹಿಂದಿನ ವರ್ಷದ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಕಾಲು ಜಾರಿ ಬಿದ್ದಿದ್ದರು. ಮೂಳೆ ಮುರಿಯಲಿಲ್ಲ. ಕೈಮಣಿಕಟ್ಟು ಉಳುಕಿತ್ತು, ಸೊಂಟಕ್ಕೆ ಪೆಟ್ಟಾಗಿತ್ತು. ಎರಡು ವಾರ ಮಲಗಿದ್ದರು. ಎದ್ದ ಮೇಲೆ ಮನೆಯವರು ಏನೂ ಮಾಡಲು ಬಿಡಲಿಲ್ಲ. "ಅವ್ವ, ನೀವು ಕೂತ್ಕೊಳ್ಳಿ." "ಅತ್ತೆ, ನಾನು ಮಾಡ್ತೇನೆ, ಬಿಡಿ." ಕೋಳಿಗೂಡು ಸೊಸೆಯ ಕೆಲಸವಾಯಿತು. ಹಸುವನ್ನು ಮಾರಿದರು. ಸ್ನಾನದ ನೀರನ್ನೂ ಮಗನೇ ತೋಡಿಡುತ್ತಿದ್ದರು. ಇದರಲ್ಲಿ ಒಂದೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಎಲ್ಲವೂ ಪ್ರೀತಿಯಿಂದಲೇ. ಆ ಮನೆಯಲ್ಲಿ ಅಜ್ಜಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು ಅಂದರೆ, ಅವರು ಮಾಡಲು ಒಂದು ಕೆಲಸವೂ ಉಳಿದಿರಲಿಲ್ಲ.

ವಯಸ್ಸಾದ ಮೈಗೆ ಇದು ಎಷ್ಟು ದುಬಾರಿ ಅಂತ ಮನೆಯವರಿಗೆ ಗೊತ್ತಿರುವುದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ್ದರು. ಅಷ್ಟಕ್ಕೇ ಕಾಲುಗಳಿಂದ ಸುಮಾರು 1 ಕಿಲೋದಷ್ಟು ಮಾಂಸ ಇಳಿದುಹೋಗಿತ್ತು. ಹತ್ತು ದಿನಕ್ಕೆ ಹಾಗಾದರೆ ನಮ್ಮ ಅಜ್ಜಿ ಒಂದು ವರ್ಷ ಕೂತಿದ್ದರು.

ಮೊದಲ ಅಳತೆ

ಎಡ ಮೊಣಕಾಲಲ್ಲಿ ಸವೆತ ಇತ್ತು. ಎಕ್ಸ್‌ರೇ ನೋಡಿದ ಡಾಕ್ಟರ್ ಈಗಲೇ ಆಪರೇಷನ್ ಬೇಡ, ತೊಡೆಯ ಬಲ ಹೆಚ್ಚಿಸಿ ನೋಡೋಣ ಅಂದಿದ್ದರು. ಬಿಪಿಗೆ ಒಂದು ಮಾತ್ರೆ ಇತ್ತು. ಕಣ್ಣಿನ ಪೊರೆ ತೆಗೆಸಿ ಆಗಿತ್ತು.

30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ನೋಡುವ ಒಂದು ಸರಳ ಪರೀಕ್ಷೆ ಇದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಏಳಬೇಕು. ಈ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕಮ್ಮಿ ಅಂತ ಲೆಕ್ಕ. ಅಜ್ಜಿಗೆ ಕೈ ಊರದೆ ಒಂದು ಸಲವೂ ಏಳಲು ಆಗಲಿಲ್ಲ. ಕೈ ಊರಿ 5 ಸಲ ಎದ್ದರು. ಇನ್ನೊಂದು ಪರೀಕ್ಷೆಯಲ್ಲಿ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಅರ್ಥ. ಅಜ್ಜಿಗೆ 21 ಸೆಕೆಂಡು ಹಿಡಿಯಿತು. ನೋವಿಗೆ ಹತ್ತರಲ್ಲಿ ಏಳು ಅಂದರು.

ಆದರೆ ನನಗೆ ಕಾಲಿಗಿಂತ ಅವರ ಮಾತಿನ ಬಗ್ಗೆಯೇ ಹೆಚ್ಚು ಚಿಂತೆಯಾಯಿತು. "ನಂಗೆ ಇನ್ನು ಎಂಥ ಕೆಲಸ ಮಗಾ? ಉಣ್ಣೋದು, ಕೂರೋದು." ಅಂದರು. ಧ್ವನಿಯಲ್ಲಿ ದೂರು ಇರಲಿಲ್ಲ. ಸುಮ್ನೆ ಒಂದು ಸಂಗತಿ ತಿಳಿಸುವ ಹಾಗೆ ಹೇಳಿದರು. ಊಟ ಅರ್ಧಕ್ಕರ್ಧ ಇಳಿದಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಹಿರಿಯರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಪಟ್ಟಿಯನ್ನು ನಿಧಾನವಾಗಿ ಕೇಳಿದೆ. 5ಕ್ಕಿಂತ ಹೆಚ್ಚು ಬಂದರೆ ಡಾಕ್ಟರಿಗೆ ತೋರಿಸಬೇಕು. ಅಜ್ಜಿಗೆ 9 ಬಂತು.

ಅದೇ ವಾರ ಡಾಕ್ಟರ ಹತ್ತಿರ ಕಳಿಸಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಬರುವ ಕಥೆ ಓದಿ ಯಾರೂ ಈ ಹೆಜ್ಜೆಯನ್ನು ಬಿಡಬಾರದು. ಥೈರಾಯ್ಡ್ ಸರಿಯಿತ್ತು. ವಿಟಮಿನ್ ಬಿ12 ತುಂಬಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಯಿತು. ಖಿನ್ನತೆಗೆ ಮಾತ್ರೆ ಬೇಕೋ ಬೇಡವೋ ಅಂತ ಆರು ವಾರ ನೋಡಿ ಹೇಳುತ್ತೇನೆ ಅಂದರು ಡಾಕ್ಟರ್. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಸೊಸೆಯ ಫೋನಿನಲ್ಲಿ ಸೇವ್ ಮಾಡಿಕೊಟ್ಟೆ. ಅದಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಗದ ಎರಡು ಕೆಲಸ

ಮೊದಲು ಒಂದು ವ್ಯಾಯಾಮದ ಚಾರ್ಟು ಕೊಟ್ಟೆ. ಆರು ವ್ಯಾಯಾಮ, ಚಿತ್ರಗಳ ಸಮೇತ. ಮೊಣಕಾಲ ಕೆಳಗೆ ಟವೆಲ್ ಇಟ್ಟು ಒತ್ತುವುದು, ಕಾಲು ನೆಟ್ಟಗೆ ಎತ್ತುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಹೀಗೆ. ಸೊಸೆ ಅದನ್ನು ಕ್ಯಾಲೆಂಡರ್ ಪಕ್ಕ ತೂಗುಹಾಕಿದರು. ಎರಡು ವಾರದ ನಂತರ ಹೋದಾಗಲೂ ಅದು ಅಲ್ಲೇ ಇತ್ತು, ಒಲೆಯ ಹೊಗೆಗೆ ಸ್ವಲ್ಪ ಕಂದಾಗಿತ್ತು. ಅಜ್ಜಿ ಒಂದು ದಿನವೂ ಮಾಡಿರಲಿಲ್ಲ.

ಎರಡನೆಯದು ನನ್ನದೇ ತಪ್ಪು. ಕೃತಜ್ಞತೆಯ ಬಗ್ಗೆ ಮನಶ್ಶಾಸ್ತ್ರದವರು ಮಾಡಿದ ಕೆಲಸವನ್ನು ಸ್ವಲ್ಪ ಓದಿಕೊಂಡಿದ್ದೆ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ ಒಂದು ಪ್ರಯೋಗ ಇದೆ. ಹತ್ತು ವಾರ, ವಾರಕ್ಕೊಮ್ಮೆ, ಒಂದು ಗುಂಪು ತಮಗೆ ಸಿಕ್ಕ ಒಳ್ಳೆಯದನ್ನು ಬರೆಯಬೇಕಿತ್ತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಬೇಕಿತ್ತು. ಒಳ್ಳೆಯದನ್ನು ಬರೆದವರು ವ್ಯಾಯಾಮಕ್ಕೂ ಹೆಚ್ಚು ಸಮಯ ಕೊಟ್ಟಿದ್ದೇವೆ ಅಂದಿದ್ದರು. ಇದೇ ನನ್ನ ಕಣ್ಣಿಗೆ ಬಿದ್ದದ್ದು. ಒಂದು ನೋಟ್‌ಬುಕ್ ತಗೊಂಡು ಹೋಗಿ, ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಹೇಳಿ, ಮೊಮ್ಮಗಳು ಬರೆದುಕೊಳ್ಳಲಿ ಅಂದೆ.

ಆ ಪ್ರಯೋಗದಲ್ಲಿ ಇದ್ದವರು ಕಾಲೇಜು ಹುಡುಗ ಹುಡುಗಿಯರು. ನನ್ನ ಎದುರಿಗೆ ಇದ್ದವರು ಗಂಡನನ್ನು, ಹಸುವನ್ನು, ಕೆಲಸವನ್ನು ಕಳೆದುಕೊಂಡು ಮಳೆ ನೋಡುತ್ತಾ ಕೂತ ಹೆಂಗಸು. ಈ ವ್ಯತ್ಯಾಸ ನಾನು ಯೋಚಿಸಲೇ ಇಲ್ಲ.

ನಾಲ್ಕು ದಿನ ಬರೆದಿದ್ದರು. ಮೊದಲ ದಿನ "ಅನ್ನ ಬಿಸಿ ಇತ್ತು. ಕರೆಂಟ್ ಬಂತು. ಮಳೆ." ನಾಲ್ಕನೇ ದಿನ "ಅದೇ." ಅಷ್ಟೇ. ಅಷ್ಟರಲ್ಲಿ ಮನೆಯವರೂ ನೋಟ್‌ಬುಕ್ಕನ್ನು ತಪ್ಪಾಗಿ ಹಿಡಿದುಕೊಂಡಿದ್ದರು. "ಎಲ್ಲಾ ಇದೆಯಲ್ಲ ಅತ್ತೆ, ನೆನೆಸ್ಕೊಂಡು ಖುಷಿಯಾಗಿರಿ" ಅಂತ ಸೊಸೆ ಒಳ್ಳೆಯ ಮನಸ್ಸಿಂದಲೇ ಹೇಳಿದ್ದರು. ಅಜ್ಜಿ ಆವತ್ತು ಇಡೀ ದಿನ ಮಾತಾಡಲಿಲ್ಲವಂತೆ. ನೊಂದವರಿಗೆ "ಇರೋದನ್ನು ನೆನೆಸ್ಕೋ" ಅಂದರೆ ಅವರ ಕಿವಿಗೆ ಅದು "ನಿನ್ನ ದುಃಖ ಸುಳ್ಳು" ಅಂತ ಕೇಳಿಸುತ್ತದೆ. ನೋಟ್‌ಬುಕ್ ಕೊಡುವ ಮೊದಲು ಈ ಮಾತು ನನಗೆ ಹೊಳೆಯಬೇಕಿತ್ತು. ನೋಟ್‌ಬುಕ್ ವಾಪಸ್ ತಗೊಂಡೆ. ಅಜ್ಜಿಯ ಹತ್ತಿರ ಕ್ಷಮೆ ಕೇಳಿದೆ. "ಬಿಡು ಮಗಾ" ಅಂದರು.

ಮದ್ದು ಸೊಪ್ಪಿನ ದಿನ

ಆಗಸ್ಟ್ 3. ಜೋರು ಮಳೆಯ ಆಟಿ ತಿಂಗಳ ಹದಿನೆಂಟನೇ ದಿನ. ಕೊಡಗಿನಲ್ಲಿ ಆವತ್ತು ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅಂತ ನಂಬಿಕೆ. ಎಲೆ ಕುದಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಾನು ಹೋದಾಗ ಮನೆ ತುಂಬಾ ಅದರ ಪರಿಮಳ. ಅಜ್ಜಿ ತಟ್ಟೆ ಹಿಡಿದುಕೊಂಡು, ಇನ್ನೂ ತಿನ್ನದೆ, ಇದ್ದಕ್ಕಿದ್ದಂತೆ ಹೇಳಿದರು. "ಈ ಸೊಪ್ಪು ನಮ್ಗೆ ಪ್ರತಿ ವರ್ಷ ಕೆಳಗಿನ ಮನೆಯವಳು ತಂದು ಕೊಡ್ತಿದ್ಲು. ಈಗ ಅವಳು ಜಂಬೂರಿನಲ್ಲಿ."

ಕೆಳಗಿನ ಮನೆ ಈಗ ಇಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲದ ಕಡೆಯೆಲ್ಲಾ ಗುಡ್ಡ ಜರಿದದ್ದು ಎಲ್ಲರಿಗೂ ನೆನಪಿದೆ. ಆಗ ಅಜ್ಜಿಯ ಮನೆಯ ಹಿಂದಿನ ಬರೆಯೂ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯೂ, ಬಿರುಕು ಬಿಟ್ಟಿತ್ತು. ಅಜ್ಜಿಯ ಗಂಡನಿಗೆ ಆಗಲೇ ಪಾರ್ಶ್ವವಾಯು, ನಡೆಯಲು ಆಗುತ್ತಿರಲಿಲ್ಲ. ಮಗ ಮಡಿಕೇರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು, ರಸ್ತೆ ಇರಲಿಲ್ಲ. ರಾತ್ರಿ ಕೆಳಗಿನ ಮನೆಯ ಗಂಡ ಹೆಂಡತಿ ಟಾರ್ಚು ಹಿಡಿದು ಮೇಲೆ ಬಂದರು. ಅಜ್ಜನನ್ನು ಕುರ್ಚಿಗೆ ಪಂಚೆಯಿಂದ ಕಟ್ಟಿ, ಇಬ್ಬರೇ ಹೊತ್ತು ರಸ್ತೆಯವರೆಗೆ ತಲುಪಿಸಿದರು. ಅವರು ಹಿಂತಿರುಗುವಷ್ಟರಲ್ಲಿ ಅವರದೇ ಮನೆ ಮಣ್ಣಿನಡಿ ಹೋಗಿತ್ತು.

ಆಮೇಲೆ ಎಲ್ಲರೂ ಗಂಜಿ ಕೇಂದ್ರದಲ್ಲಿ. ಅಲ್ಲಿಂದ ಒಬ್ಬೊಬ್ಬರು ಒಂದೊಂದು ಕಡೆ. ಆ ದಂಪತಿಗೆ ಮುಂದೆ ಮಾದಾಪುರದ ಹತ್ತಿರ ಜಂಬೂರಿನಲ್ಲಿ ಸಂತ್ರಸ್ತರಿಗೆ ಕಟ್ಟಿದ ಮನೆ ಸಿಕ್ಕಿತು. ಅಜ್ಜಿ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ಮೊದಲು ಗಂಡನ ಸೇವೆ, ಆಮೇಲೆ ಕೊರೋನಾ, ಆಮೇಲೆ ಸಾವು, ಆಮೇಲೆ ಈ ಕಾಲು.

"ಅವಳ ಮನೆಗೆ ಹೋಗಿ ಒಂದು ಮಾತು ಆಡ್ಲಿಲ್ಲ ನಾನು. ಐದು ವರ್ಷ ಆಯ್ತು. ಎಂಥ ಜನ ನಾವು ಅಂತ ಅನ್ಕೊಂಡಿರ್ಬೇಕು."

ಆ ಮನೆಗೆ ನಾನು ಹೋಗಲು ಶುರುಮಾಡಿ ಮೂರು ವಾರ ಆಗಿತ್ತು. ಅಜ್ಜಿಗೆ ಏನೋ ಬೇಕಾಗಿದೆ ಅಂತ ನಾನು ಕಂಡದ್ದು ಆವತ್ತೇ ಮೊದಲು. "ಇನ್ನೂ ಯಾರ ಮನೆಗೆ ಹೋಗೋದು ಬಾಕಿ ಇದೆ ಅಜ್ಜಿ?" ಅಂದೆ. ನೋಟ್‌ಬುಕ್ಕಿಗೆ ಮೂರು ಸಾಲು ಸಿಗದಿದ್ದವರು ಒಂದೇ ಉಸಿರಿಗೆ ಹೆಸರು ಹೇಳುತ್ತಾ ಹೋದರು. ಮೊದಲ ಹೆರಿಗೆ ಮಾಡಿಸಿದ ಸೂಲಗಿತ್ತಿ. ಗಂಡನ ತಿಥಿಗೆ ಎರಡು ದಿನ ಅಡುಗೆಗೆ ನಿಂತ ವಾರಗಿತ್ತಿ. ಕೊರೋನಾ ಕಾಲದಲ್ಲಿ ಬಿಪಿ ಮಾತ್ರೆ ತಂದುಕೊಟ್ಟ ಆಶಾ ಕಾರ್ಯಕರ್ತೆ. ಪ್ರತಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತೀರ್ಥ ತಂದುಕೊಡುವ ಪಕ್ಕದ ಹುಡುಗ. ಬಿದ್ದ ದಿನ ಅಂಗಳದಿಂದ ಎತ್ತಿ ಕೂರಿಸಿದ ಲೈನ್‌ಮ್ಯಾನ್. ಒಟ್ಟು ಹನ್ನೊಂದು ಮನೆ. ಮೊಮ್ಮಗಳು ತನ್ನ ರಫ್ ನೋಟಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ನಮ್ಮ ಕಡೆ ಹಳ್ಳಿಗಳಲ್ಲಿ ಯಾರೂ ಯಾರಿಗೂ ಧನ್ಯವಾದ ಅನ್ನುವುದಿಲ್ಲ. ಅದು ಸಭೆಯ ಕೊನೆಗೆ ಮೈಕಿನಲ್ಲಿ ಬರುವ ಮಾತು. ಉಪಕಾರ ಮಾಡಿದವರ ಮನೆಗೆ ನಾವು ಹೋಗುತ್ತೇವೆ. ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಚಿಪ್ಪು ಬಾಳೆಹಣ್ಣು, ಒಂದು ಪೊಟ್ಟಣ ಕಾಫಿಪುಡಿ, ಏನಾದರೂ ಒಂದು. ಕೂತು ಕಾಫಿ ಕುಡಿಯುತ್ತೇವೆ, ಮಳೆ ಬೆಳೆ ಮಾತಾಡುತ್ತೇವೆ, ಎದ್ದು ಬರುತ್ತೇವೆ. ಹೇಳಬೇಕಾದದ್ದು ಅಷ್ಟರಲ್ಲೇ ತಲುಪಿರುತ್ತದೆ. ಮತ್ತೆ ಕೊಡಗಿನಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ ಅಲ್ವಾ? ಒಂದೊಂದು ಮನೆ ಅವರವರ ತೋಟದ ನಡುವೆ, ಒಂದು ಏರಿನ ಮೇಲೆ, ಒಂದು ಹೊಳೆಯ ಆಚೆ. ಇಲ್ಲಿ ಋಣ ನೆನೆಯಬೇಕಾದರೆ ಕಾಲು ಗಟ್ಟಿ ಇರಬೇಕು. ಅಜ್ಜಿಗೆ ಚಾರ್ಟು ಬೇಕಾಗಿರಲಿಲ್ಲ. ಹೋಗಲು ಮನೆ ಬೇಕಾಗಿತ್ತು.

ಪಟ್ಟಿಯನ್ನು ಏರು ಇಳಿವಿನ ಪ್ರಕಾರ ಜೋಡಿಸಿದೆವು

ಮಗನಿಗೆ ಇದು ಹಿಡಿಸಲಿಲ್ಲ. "ಮೇಡಂ, ಬಿದ್ರೆ? ಈ ಮಳೆಯಲ್ಲಿ ಮಡಿಕೇರಿಗೆ ಕರ್ಕೊಂಡು ಹೋಗ್ಲಿಕ್ಕೆ ಮರ ಬಿದ್ದು ರಸ್ತೆ ಬಂದ್ ಆಗಿರ್ತದೆ. ಈಗ ಹೇಗೋ ಆರಾಮಾಗಿ ಕೂತಿದ್ದಾರೆ." ಅವರ ಭಯ ಸುಳ್ಳಲ್ಲ. ಆ ರಸ್ತೆಯಲ್ಲಿ ಮಳೆಗಾಲದಲ್ಲಿ ಓಡಾಡುವವಳು ನಾನೂ. ಆದರೆ ಕೂತರೆ ಕಾಲು ಇನ್ನೂ ಸೋಲುತ್ತದೆ, ಸೋತ ಕಾಲಿನವರು ಬಚ್ಚಲುಮನೆಗೆ ಹೋಗುವಾಗಲೇ ಬೀಳುತ್ತಾರೆ ಅಂತ ವಿವರಿಸಿದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮಳೆ ನಿಂತ ಹೊತ್ತಲ್ಲಿ ಮಾತ್ರ, ಜೊತೆಗೆ ಯಾರಾದರೂ ಇದ್ದು ಮಾತ್ರ. ಅದಕ್ಕೂ ಮೊದಲು ಮನೆಯ ಸುತ್ತ ಸರಿಮಾಡುವುದು.

ಆ ಭಾನುವಾರ ಮಗನೇ ಅಂಗಳದ ಪಾಚಿ ಕೆರೆದು ಬ್ಲೀಚಿಂಗ್ ಪುಡಿ ಹಾಕಿ ತೊಳೆದರು. ಬಚ್ಚಲುಮನೆಯ ದಾರಿಗೆ ಬಿದಿರು ಕಟ್ಟಿ ಹಿಡಿಕೆ ಮಾಡಿದರು. ಅಲ್ಲಿ ಒಂದು ಬಲ್ಬು ಹಾಕಿದರು. ಸವೆದ ಹವಾಯಿ ಚಪ್ಪಲಿ ಬಿಸಾಡಿ, ಹಿಮ್ಮಡಿಗೆ ಪಟ್ಟಿ ಇರುವ ಹಿಡಿತದ ಚಪ್ಪಲಿ ತಂದರು. ಕಾಫಿ ಗಿಡದ ಗಟ್ಟಿ ಕೋಲೊಂದನ್ನು ಊರುಗೋಲಾಗಿ ಕತ್ತರಿಸಿದರು. ಕೋಲಿನ ತುದಿ ನೆಲದಲ್ಲಿದ್ದಾಗ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಬೇಕು. ಅಡಿಗೆ ರಬ್ಬರ್ ಬುಷ್ ಹಾಕಿಸಿದೆ. ಎಡ ಮೊಣಕಾಲು ನೋವಿದ್ದರೆ ಕೋಲು ಬಲಗೈಯಲ್ಲಿ. ಇದನ್ನು ಬಹಳ ಜನ ತಿರುಗುಮುರುಗು ಮಾಡುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಅಜ್ಜಿ ಇದನ್ನು ಮೂರು ಸಲ ಬಾಯಲ್ಲಿ ಹೇಳಿಕೊಂಡು ಕಲಿತರು.

ಆಮೇಲೆ ಸೊಸೆಯ ಜೊತೆ ಪ್ರತ್ಯೇಕವಾಗಿ ಕೂತು ಮಾತಾಡಿದೆ. ಒಂದು ಕೆಲಸವನ್ನು ಅತ್ತೆಗೆ ವಾಪಸ್ ಕೊಡಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕಿತ್ಕೊಂಡ ಹಾಗೆ ಆಯ್ತಾ?" ಅಂದರು. ಕಣ್ಣಲ್ಲಿ ನೀರಿತ್ತು. ಅವರು ಒಂದು ವರ್ಷ ಎಲ್ಲವನ್ನೂ ಒಬ್ಬರೇ ಹೊತ್ತಿದ್ದರು. ಅದನ್ನು ಯಾರೂ ಅವರಿಗೂ ಹೇಳಿರಲಿಲ್ಲ. ಮರುದಿನದಿಂದ ಕೋಳಿಗೂಡು ಅಜ್ಜಿಯದಾಯಿತು. ಬೆಳಿಗ್ಗೆ ಬಿಡುವುದು, ಸಂಜೆ ಎಣಿಸಿ ಕೂಡುವುದು. ಗೂಡಿಗೆ ಹೋಗಿ ಬರಲು 40 ಹೆಜ್ಜೆ, ದಿನಕ್ಕೆ ನಾಲ್ಕು ಸಲ.

ಹನ್ನೊಂದು ಮನೆಗಳನ್ನು ಮೊಮ್ಮಗಳೂ ನಾನೂ ಸೇರಿ ಅಳೆದೆವು. ಹತ್ತಿರದ್ದು, ಸಪಾಟು ದಾರಿಯದ್ದು ಮೊದಲು. ಏರು ಇರುವುದು ಆಮೇಲೆ. ಉದ್ದ ಇಳಿಜಾರಿನದ್ದು ಕೊನೆಗೆ. ಬೆಟ್ಟದಲ್ಲಿ ಏರುವಾಗ ಏದುಸಿರು ಬರುತ್ತದೆ, ಹಾಗಾಗಿ ಅದೇ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊಣಕಾಲಿಗೆ ನಿಜವಾದ ಪರೀಕ್ಷೆ ಇಳಿಯುವುದು. ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಮೈಭಾರವನ್ನು ತಡೆದು ಇಳಿಸಬೇಕು. ಆ ಬಲ ಇಲ್ಲದಿದ್ದರೆ ಭಾರ ಎಲ್ಲಾ ಕೀಲಿನ ಮೇಲೆ ಬೀಳುತ್ತದೆ.

ಪ್ರತಿ ಮನೆಗೂ ಒಂದು ತಯಾರಿ ಗೊತ್ತುಮಾಡಿದೆ. ವಾರಗಿತ್ತಿಯ ಮನೆಗೆ ಮೂರು ಮೆಟ್ಟಿಲು ಇದೆ, ಅದಕ್ಕೆ ಜಗಲಿಯ ಮೆಟ್ಟಿಲು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಕು. ಆಶಾ ಕಾರ್ಯಕರ್ತೆಯ ಮನೆಯಲ್ಲಿ ತಗ್ಗಿನ ಬೆಂಚು, ಅದಕ್ಕೆ ಮಂಚದಿಂದ ಎದ್ದು ಕೂರುವುದು ಎಂಟೆಂಟು ಸಲದ ಹಾಗೆ ಎರಡು ಸುತ್ತು. ಮೊದಲು ಮಂಚದ ಮೇಲೆ ಕಂಬಳಿ ಮಡಚಿಟ್ಟು ಎತ್ತರ ಮಾಡಿದೆ. ವಾರಕ್ಕೊಂದು ಮಡಿಕೆ ತೆಗೆದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು ಅಂದೆ. ಇವು ಅದೇ ಹಳೆಯ ಚಾರ್ಟಿನ ವ್ಯಾಯಾಮಗಳೇ. ಈಗ ಒಂದೊಂದಕ್ಕೂ ಒಂದೊಂದು ಮನೆಯ ಹೆಸರು ಇತ್ತು. ಅಜ್ಜಿ ಮಾಡಿದರು. ಕೇಳುವ ಮೊದಲೇ ಮಾಡಿ ಮುಗಿಸಿರುತ್ತಿದ್ದರು.

ಹೋದ ಮನೆಗಳು

ಮೊದಲನೆಯದು ತೀರ್ಥ ತರುವ ಹುಡುಗನ ಮನೆ. ತೋಟದೊಳಗಿನ ಸಪಾಟು ಕಾಲುದಾರಿ, 150 ಮೀಟರ್ ಇರಬಹುದು. ಜಿಗಣೆಗೆ ಅಂತ ಕಾಲಿಗೆ ಸುಣ್ಣ ಹಚ್ಚಿಕೊಂಡು, ಮೊಮ್ಮಗಳ ಕೈ ಹಿಡಿದು ಹೋದರು. ದಾರಿಯಲ್ಲಿ ಎರಡು ಕಡೆ ನಿಂತರು. ಹತ್ತು ಮೊಟ್ಟೆ ಒಯ್ದಿದ್ದರು, ಅವರದೇ ಕೋಳಿಗಳದ್ದು. ಆ ಹುಡುಗನ ತಾಯಿ ಅಜ್ಜಿಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರಂತೆ. ಒಂದು ವರ್ಷದಿಂದ ಅಜ್ಜಿ ಡಾಕ್ಟರ ಹತ್ತಿರ ಬಿಟ್ಟರೆ ಬೇರೆಲ್ಲಿಗೂ ಹೋಗಿರಲಿಲ್ಲ.

ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ನಾಲ್ಕು ಮನೆ ಮುಗಿದಿತ್ತು. ಊಟ ಸ್ವಲ್ಪ ಹೆಚ್ಚಾಗಿತ್ತು. ಆರು ವಾರದ ನಂತರ ಡಾಕ್ಟರ್ ನೋಡಿ, ಖಿನ್ನತೆಗೆ ಮಾತ್ರೆ ಸದ್ಯಕ್ಕೆ ಬೇಡ, ಹೀಗೇ ಮುಂದುವರಿಸಿ ಅಂದರು.

ಸೂಲಗಿತ್ತಿಯ ಮನೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಅವರು ತೀರಿಕೊಂಡು ಏಳು ತಿಂಗಳಾಗಿತ್ತಂತೆ. ಅಜ್ಜಿಗೆ ಸುದ್ದಿಯೇ ತಲುಪಿರಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಸುದ್ದಿಗಳೂ ಬರುವುದಿಲ್ಲ. ಅಜ್ಜಿ ಒಯ್ದಿದ್ದ ಸೀರೆಯನ್ನು ಗೋಡೆಯ ಫೋಟೋದ ಮುಂದೆ ಇಟ್ಟು, ಸ್ವಲ್ಪ ಹೊತ್ತು ನಿಂತು, ಆಮೇಲೆ ಅದನ್ನು ಸೂಲಗಿತ್ತಿಯ ಮಗಳ ಕೈಗೆ ಕೊಟ್ಟರು. "ನಿನ್ನ ಅವ್ವ ರಾತ್ರಿ ಹೊಳೆ ದಾಟಿ ಬಂದಿದ್ಲು ನಂಗೋಸ್ಕರ" ಅಂದರು. ಆ ಮಗಳಿಗೆ ಈ ಕಥೆ ಗೊತ್ತೇ ಇರಲಿಲ್ಲ. ಇಬ್ಬರೂ ಕೂತು ಅತ್ತರು ಅಂತ ಸೊಸೆ ಹೇಳಿದರು. ಇದು ಅಜ್ಜಿಗೆ ಹೆಚ್ಚು ನೋವು ಕೊಡುತ್ತದೆ ಅಂತ ನಾನು ಹೆದರಿದ್ದೆ. ಆದರೆ ಮುಂದಿನ ಸಲ ಹೋದಾಗ ಅವರು ಪಟ್ಟಿಯನ್ನು ಬೇಗ ಮುಗಿಸಬೇಕು ಅನ್ನುತ್ತಿದ್ದರು.

ಆ ಅವಸರವೇ ತೊಂದರೆಯನ್ನೂ ತಂದಿತು. ಅಕ್ಟೋಬರ್ ಮೊದಲ ವಾರ ನನಗೆ ಹೇಳದೆ, ಇಳಿಜಾರಿನ ಕೊನೆಯಲ್ಲಿರುವ ಒಂದು ಮನೆಗೆ ಹೋಗಿ ಬಂದರು. ಹೋಗುವಾಗ ಏನೂ ಆಗಲಿಲ್ಲ. ಮರುದಿನ ಮೊಣಕಾಲು ಊದಿಕೊಂಡಿತು. ಒಂಬತ್ತು ದಿನ ನಡಿಗೆ ನಿಂತಿತು. ಮಗ ನನ್ನ ಮೇಲೆ ಸಿಟ್ಟಾದರು, ಆಗಲೇಬೇಕಿತ್ತು. ತಣ್ಣೀರು ಪಟ್ಟಿ, ವಿಶ್ರಾಂತಿ, ಆದರೆ ಪೂರ್ತಿ ಮಲಗುವುದಲ್ಲ. ಕೂತಲ್ಲೇ ಮಾಡುವ ವ್ಯಾಯಾಮ ಬಿಡಲಿಲ್ಲ, ಕೋಳಿಗೂಡನ್ನೂ ಬಿಡಲಿಲ್ಲ. ಅಲ್ಲಿಂದ ಒಂದು ನಿಯಮ ಮಾಡಿದೆವು. ದೊಡ್ಡ ಇಳಿಜಾರು ಇದ್ದರೆ ಹೋಗುವಾಗ ನಡಿಗೆ ಬೇಡ, ಜೀಪು. ವಾಪಸ್ ಏರುವಾಗ ಬೇಕಾದರೆ ಅರ್ಧ ದಾರಿ ನಡಿಗೆ. ನಡೆದೇ ಇಳಿಯಬೇಕಾದರೆ ನೇರ ಇಳಿಯದೆ ಅಡ್ಡಡ್ಡ ಹಾಯುತ್ತಾ ಇಳಿಯುವುದು.

ಇನ್ನೊಂದು ಮನೆಯ ಅನುಭವ ಕಹಿ. ಬೇಲಿಯ ತಕರಾರಿನಿಂದ ಮಾತು ಬಿಟ್ಟ ಸಂಬಂಧಿಕರು. ಹಿಂದೆ ಒಮ್ಮೆ ಮಗನ ಫೀಸಿಗೆ ದುಡ್ಡು ಕೊಟ್ಟಿದ್ದರು ಅಂತ ಅಜ್ಜಿ ಅವರನ್ನೂ ಪಟ್ಟಿಗೆ ಸೇರಿಸಿದ್ದರು. ಹೋದಾಗ ಅವರು ಕೂರಿ ಅನ್ನಲೂ ಇಲ್ಲ. ಅಜ್ಜಿ ಬಾಳೆಹಣ್ಣನ್ನು ಜಗಲಿಯಲ್ಲಿಟ್ಟು ಬಂದರು. ಆವತ್ತು ಊಟ ಮಾಡಲಿಲ್ಲ. ನಾನು ಏನು ಹೇಳಲಿ ಅಂತ ಗೊತ್ತಾಗದೆ ಕೂತಿದ್ದೆ. "ನಂಗೆ ಹೇಳೋದಿತ್ತು, ಹೇಳಿದೆ. ಅವ್ರು ಕೇಳ್ತಾರೋ ಇಲ್ವೋ ಅವ್ರಿಗೆ ಬಿಟ್ಟದ್ದು" ಅಂತ ಎರಡು ದಿನದ ಮೇಲೆ ಅವರೇ ಹೇಳಿದರು. ಆದರೂ ಆ ವಾರ ನಿದ್ದೆ ಮತ್ತೆ ಕೆಟ್ಟಿತು. ಇದನ್ನು ದಾಖಲೆಯಲ್ಲಿ ಬರೆದಿಟ್ಟಿದ್ದೇನೆ. ಋಣ ಹೇಳಲು ಹೋದ ಎಲ್ಲಾ ಬಾಗಿಲೂ ತೆರೆಯುವುದಿಲ್ಲ. ಮುಂದೆ ಯಾರಿಗಾದರೂ ಇಂಥ ಪಟ್ಟಿ ಮಾಡಿಸುವಾಗ ಈ ಬಗೆಯ ಮನೆಗಳ ಬಗ್ಗೆ ಮೊದಲೇ ಮಾತಾಡಬೇಕು ಅಂತ ಕಲಿತೆ.

ಹುತ್ತರಿಯ ಕದಿರು

ಜಂಬೂರಿನ ಮನೆಯನ್ನು ಅಜ್ಜಿ ಬೇಕೆಂದೇ ಕೊನೆಗೆ ಇಟ್ಟಿದ್ದರು. ನವೆಂಬರ್ ಕೊನೆಗೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬಂತು. ಹುಣ್ಣಿಮೆಯ ರಾತ್ರಿ ಮಗ ಗದ್ದೆಗಿಳಿದು ಕದಿರು ತೆಗೆದರು. ಅಜ್ಜಿ ಆ ವರ್ಷ ಗದ್ದೆಯ ಬದುವಿನವರೆಗೂ ಹೋಗಿದ್ದರು. "ಪೊಲಿ ಪೊಲಿ", ಅಂದರೆ ಬೆಳೆ ಹೆಚ್ಚಲಿ, ಅಂತ ಎಲ್ಲರೂ ಕೂಗುವಾಗ ಅವರೂ ಕೂಗಿದರು ಅಂತ ಮೊಮ್ಮಗಳು ಹೇಳಿದಳು.

ಎರಡು ದಿನ ಬಿಟ್ಟು ಬಸ್ಸಿನಲ್ಲಿ ಹಟ್ಟಿಹೊಳೆ ದಾಟಿ ಮಾದಾಪುರಕ್ಕೆ ಹೋದರು. ಅಲ್ಲಿಂದ ಆಟೋ. ಆಟೋ ಇಳಿದ ಮೇಲೆ ಸ್ವಲ್ಪ ಏರು. ಅಜ್ಜಿ ಕೋಲೂರಿ, ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಕೈಚೀಲದಲ್ಲಿ ಒಂದು ಹಿಡಿ ಕದಿರು, ಮಾವು ಅರಳಿಯ ಎಲೆಗಳಲ್ಲಿ ಸುತ್ತಿ ಕಟ್ಟಿದ್ದು. ಆ ದಂಪತಿಗೆ ಈಗ ಗದ್ದೆ ಇಲ್ಲ, ಅದೂ ಮಣ್ಣಿನಡಿ ಹೋಗಿದೆ. ಐದು ಹುತ್ತರಿ ಅವರ ಮನೆ ಬಾಗಿಲಿಗೆ ಸ್ವಂತ ಗದ್ದೆಯ ಕದಿರು ಬಂದಿರಲಿಲ್ಲ.

ಅಲ್ಲಿ ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ. ಸೊಸೆ ಹೇಳಿದ್ದು ಇಷ್ಟೇ. ಅಜ್ಜಿ ಕದಿರನ್ನು ಬಾಗಿಲ ಚೌಕಟ್ಟಿಗೆ ತಾವೇ ಕಟ್ಟುತ್ತೇನೆ ಅಂದರಂತೆ. ಅದಕ್ಕೆ ತುದಿಗಾಲಲ್ಲಿ ನಿಲ್ಲಬೇಕಿತ್ತು. ನಿಂತರು. ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಅವರು ಯಾವ ಮನೆಗೆ ಅಂತ ಮೂರು ತಿಂಗಳಿಂದ ಮಾಡುತ್ತಿದ್ದರು ಅಂತ ನನಗೆ ಆಗ ತಿಳಿಯಿತು. ಅಜ್ಜಿ ತಿರುಗಿ ಬರುವಾಗ ಆ ಮನೆಯವರು ಒಂದು ಕುಂಡದಲ್ಲಿ ಮದ್ದು ಸೊಪ್ಪಿನ ಗಿಡ ಕೊಟ್ಟು ಕಳಿಸಿದರು.

ಅಂಕಿಗಳು ಹೇಳುವುದು

2024ರ ಫೆಬ್ರವರಿಯಲ್ಲಿ ಮತ್ತೆ ಅಳೆದೆ. ಕೈ ಊರದೆ 30 ಸೆಕೆಂಡಿನಲ್ಲಿ 9 ಸಲ ಎದ್ದರು. ಎದ್ದು ನಡೆದು ಕೂರಲು 13.5 ಸೆಕೆಂಡು. ನೋವು ಏಳರಿಂದ ನಾಲ್ಕಕ್ಕೆ. ಖಿನ್ನತೆಯ ಪ್ರಶ್ನೆಗಳಲ್ಲಿ 9ರಿಂದ 4ಕ್ಕೆ. ಎರಡು ಪರೀಕ್ಷೆಗಳಲ್ಲಿ ಇನ್ನೂ ಗೆರೆ ದಾಟಿಲ್ಲ. ಬೀಳುವ ಅಪಾಯ ಕಡಿಮೆಯಾಗಿದೆ, ಹೋಗಿಲ್ಲ. ಮಗನಿಗೂ ಇದನ್ನು ಹಾಗೇ ಹೇಳಿದೆ.

ಇದರಲ್ಲಿ ಯಾವುದರಿಂದ ಎಷ್ಟು ಗುಣವಾಯಿತು? ಒಬ್ಬರ ಪ್ರಕರಣದಿಂದ ಬಿಡಿಸಿ ಹೇಳಲು ಬರುವುದಿಲ್ಲ. ಬಿ12 ಏರಿತು. ತೊಡೆಗೆ ಬಲ ಬಂತು. ಅಕ್ಟೋಬರ್ ನಂತರ ಮಳೆಯೂ ನಿಂತಿತು, ಬಿಸಿಲು ಬಿತ್ತು. ಕೊಡಗಿನಲ್ಲಿ ಬಿಸಿಲು ಬಿದ್ದಾಗ ಯಾರ ಮನಸ್ಸಾದರೂ ಸ್ವಲ್ಪ ಹಗುರಾಗುತ್ತದೆ. ಉಪಕಾರ ಮಾಡಿದವರನ್ನು ಎದುರಿಗೇ ಕಂಡು ಹೇಳುವುದರ ಬಗ್ಗೆ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಯವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ, ಒಂದು ಭೇಟಿಯ ಖುಷಿ ಸುಮಾರು ಒಂದು ತಿಂಗಳು ಇದ್ದು ಆಮೇಲೆ ಕರಗಿತ್ತು. ಹಾಗಾಗಿ ಒಂದೇ ದೊಡ್ಡ ಭೇಟಿಗಿಂತ ತಿಂಗಳಿಗೆ ಎರಡೋ ಮೂರೋ ಸಣ್ಣ ಭೇಟಿಗಳು ಅಜ್ಜಿಗೆ ಒಳ್ಳೆಯದಾಯಿತು ಅಂತ ನನ್ನ ಅಂದಾಜು. 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ, ಜೊತೆಗೆ ಮೂರು ದಿನ ಬಲ ಮತ್ತು ಸಮತೋಲನದ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಜ್ಜಿಯ ಕೋಳಿಗೂಡು, ಜಗಲಿಯ ಮೆಟ್ಟಿಲು, ಮನೆ ಭೇಟಿ ಎಲ್ಲಾ ಸೇರಿಸಿದರೆ ಜನವರಿ ಹೊತ್ತಿಗೆ ಅದರ ಹತ್ತಿರ ಬಂದಿದ್ದರು.

ನಾನು ಹೆದರಿದ್ದು ಮುಂದಿನ ಮಳೆಗಾಲಕ್ಕೆ. ಜೂನ್ ಬಂತು. ಹೊರಗೆ ಹೋಗಲು ಆಗದ ದಿನ ಜಗಲಿಯಲ್ಲಿ 20 ಸುತ್ತು ಅಂತ ಗೊತ್ತುಮಾಡಿಕೊಂಡೆವು. ಒಂದು ಕೊನೆಯಲ್ಲಿ ಬಟ್ಟಲು ಇಟ್ಟು, ಸುತ್ತಿಗೊಂದು ಕಾಫಿ ಬೀಜ ಹಾಕುತ್ತಾರೆ. ಜುಲೈನಲ್ಲಿ ಅಳೆದಾಗ ಎದ್ದು ಕೂರುವುದು 9ರಲ್ಲೇ ಇತ್ತು. ನಡಿಗೆ 14 ಸೆಕೆಂಡು. ಇಳಿಯಲಿಲ್ಲ ಅನ್ನುವುದೇ ನನಗೆ ದೊಡ್ಡ ವಿಷಯ. ಆಗಸ್ಟ್ 3ಕ್ಕೆ ಮದ್ದು ಸೊಪ್ಪನ್ನು ಅಂಗಳದ ಗಿಡದಿಂದಲೇ ಕಿತ್ತರು.

ಹಳೆಯ ಪಟ್ಟಿ ಮುಗಿದಿದೆ. ಮೊಮ್ಮಗಳ ಹೊಸ ವರ್ಷದ ರಫ್ ನೋಟಿನಲ್ಲಿ ಈಗ ನಾಲ್ಕು ಹೆಸರು. ಮೊದಲನೆಯದು ಸೊಸೆಯ ತವರುಮನೆ. "ಅವಳನ್ನು ನಮ್ಗೆ ಕೊಟ್ಟವರಲ್ವಾ" ಅಂದರು ಅಜ್ಜಿ, ಸೊಸೆ ಅಲ್ಲೇ ನಿಂತಿರುವಾಗ. ಆ ಮನೆ ಗುಡ್ಡದ ಮೇಲಿದೆ, ರಸ್ತೆಯಿಂದ ಕಲ್ಲಿನ ಮೆಟ್ಟಿಲು. ಮಳೆ ನಿಂತ ಮೇಲೆ ಹೋಗುವುದು ಅಂತ ಆಗಿದೆ. ಮೆಟ್ಟಿಲು ಎಷ್ಟಿದೆ, ಒಂದೊಂದರ ಎತ್ತರ ಎಷ್ಟು ಅಂತ ಅಳೆದು ತಿಳಿಸಲು ಸೊಸೆಗೆ ಹೇಳಿದ್ದೇನೆ.